ಪಟ್ಟಿ ಸುತ್ತದೆ ಕೊಟ್ಟ ಗುಳಿಗೆ

ಮಂಗಳೂರು ಎಂದೊಡನೆ ಕಡಲು ನೆನಪಾಗುವವರು ಸ್ವಲ್ಪ ತಡೆಯಬೇಕು. ನಾನು ಹೇಳುತ್ತಿರುವುದು ಯಲಬುರ್ಗಾ ಸೀಮೆಯ ಮಂಗಳೂರು, ಮಳೆ ನಂಬಿ ಜೋಳ ಕಡಲೆ ಬಿತ್ತುವ ನಮ್ಮ ಕೊಪ್ಪಳ ಜಿಲ್ಲೆಯ ಊರು. ನನ್ನ ಚಿಕ್ಕಮ್ಮನ ಮಗಳು ಆ ಊರಿಗೆ ಸೊಸೆಯಾಗಿ ಹೋಗಿ ಐದು ವರ್ಷವಾಯಿತು. ಕಳೆದ ದೀಪಾವಳಿಗೆ ತವರಿಗೆ ಬಂದವಳು ಎರಡು ದಿನವೂ ಹಣೆಗೆ ಬಟ್ಟೆ ಬಿಗಿದುಕೊಂಡೇ ಓಡಾಡಿದಳು. “ಯಕ್ಕಾ, ತಲಿ ಹಿಂದ ಹಿಡದಂಗ ಆಗತೈತಿ. ನಿದ್ದಿ ಸಾಲವಲ್ದು ಅನಸ್ತೈತಿ” ಎಂದಳು. ಅಪ್ಪನಿಗೆಂದು ತಂದಿಟ್ಟಿದ್ದ ಬಿಪಿ ಯಂತ್ರ ಮನೆಯಲ್ಲಿತ್ತು. ಸುಮ್ಮನೆ ನೋಡೋಣವೆಂದು ಪಟ್ಟಿ ಸುತ್ತಿದೆ. 154/98. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರೆ 150/96. ಆಕೆಗೆ ಇಪ್ಪತ್ತಾರು ವರ್ಷ.

ಏನಾದರೂ ಔಷಧ ತಗೊಳ್ಳುತ್ತೀಯಾ ಎಂದು ಕೇಳಿದೆ. ಏನಿಲ್ಲ ಅಂದಳು. ಸಂಜೆ ಹಿತ್ತಲಲ್ಲಿ ಇಬ್ಬರೇ ಇದ್ದಾಗ ದನಿ ತಗ್ಗಿಸಿ, “ಮಕ್ಕಳಾಗದಂಗ ಒಂದು ಗುಳಿಗಿ ನುಂಗತೀನಿ. ಅದೇನು ಔಷಧ ಅಲ್ಲಲ್ಲಾ?” ಅಂದಳು.

ಆ ಪ್ರಶ್ನೆಯಿಂದಾಗಿಯೇ ಈ ಬರಹ. ಏಳು ತಿಂಗಳಿಂದ ನುಂಗುತ್ತಿದ್ದಳು. ಗಂಡ ಮೆಡಿಕಲ್ ಶಾಪಿನಿಂದ ತಂದುಕೊಟ್ಟಿದ್ದ. ಶುರು ಮಾಡುವ ಮುನ್ನ ಒಬ್ಬರೂ ತೋಳಿಗೆ ಪಟ್ಟಿ ಸುತ್ತಿರಲಿಲ್ಲ, ಸುತ್ತಬೇಕೆಂದು ಹೇಳಿದವರೂ ಇರಲಿಲ್ಲ. ಮರುವಾರ ಅವಳ ಟ್ರಂಕಿನಿಂದ ತಾಯಿ ಕಾರ್ಡ್ ತರಿಸಿ ನೋಡಿದೆ. ಮಗು ಹೊಟ್ಟೆಯಲ್ಲಿದ್ದಾಗಿನ ತಪಾಸಣೆಗಳೆಲ್ಲ ಸಾಲಾಗಿ ಬರೆದಿದ್ದವು. ಮೊದಲೆರಡು ಸಲ 110, 112. ಎಂಟನೇ ತಿಂಗಳ ಸಾಲಿನಲ್ಲಿ ನೀಲಿ ಪೆನ್ನಿನಲ್ಲಿ 144/92. ಎಚ್ಚರಿಕೆ ಎರಡು ವರ್ಷ ಮೊದಲೇ ಅವಳ ಟ್ರಂಕಿನಲ್ಲಿ ಕೂತಿತ್ತು.

ಗರ್ಭನಿರೋಧಕ ಗುಳಿಗೆಗೂ ರಕ್ತದೊತ್ತಡಕ್ಕೂ ಏನು ಸಂಬಂಧ? ಅದನ್ನು ಹೇಳುವ ಮೊದಲು ಒತ್ತಡ ಎಂದರೇನೆಂಬುದನ್ನು ನೋಡಬೇಕು. ನಮ್ಮ ಜಿಲ್ಲೆಯವರಿಗೆ ಈ ಪಾಠ ಹೊಸದೇನಲ್ಲ. 2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದಿನ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನು ಕಡಿದು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರವೆಲ್ಲ ಚಹಾದಂಗಡಿಗಳಲ್ಲಿ ಎರಡೇ ಲೆಕ್ಕ ನಡೆದಿತ್ತು: ಒಳಗೆ ನೀರೆಷ್ಟಿದೆ, ಹೊರಗೆ ಹೋಗಲು ದಾರಿ ಎಷ್ಟಿದೆ. ದೇಹದಲ್ಲೂ ಇವೇ ಎರಡು ಲೆಕ್ಕ. ನಾಳಗಳಲ್ಲಿ ದ್ರವ ಹೆಚ್ಚಿದರೂ ಒತ್ತಡ ಏರುತ್ತದೆ, ನಾಳಗಳು ಬಿಗಿದು ದಾರಿ ಕಿರಿದಾದರೂ ಏರುತ್ತದೆ.

ಈ ಲೆಕ್ಕ ನೋಡಿಕೊಳ್ಳುವ ನೀರಗಂಟಿ ಮೂತ್ರಪಿಂಡ. ಕಾಲುವೆಯ ಕೊನೆಭಾಗದ ಗದ್ದೆಗೆ ನೀರು ತಲುಪುತ್ತಿಲ್ಲ ಅನ್ನಿಸಿದರೆ ನೀರಗಂಟಿ ಮೇಲಕ್ಕೆ ಸುದ್ದಿ ಕಳಿಸುತ್ತಾನೆ. ಹಾಗೆಯೇ ತನಗೆ ಬರುವ ರಕ್ತ ಕಡಿಮೆ ಅನ್ನಿಸಿದಾಗ ಮೂತ್ರಪಿಂಡ ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತದೆ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಟೀಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಮೊಲದ ಮೂತ್ರಪಿಂಡದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಒತ್ತಡ ಏರಿದ್ದನ್ನು ಕಂಡು 1898ರಲ್ಲಿ ಅದಕ್ಕೆ ಆ ಹೆಸರಿಟ್ಟರು. ರೆನಿನ್ ಒಂಟಿಯಾಗಿ ಏನನ್ನೂ ಮಾಡಲಾರದು. ಅದಕ್ಕೆ ಕಚ್ಚಾ ಸಾಮಗ್ರಿ ಬೇಕು. ಯಕೃತ್ತು ತಯಾರಿಸಿ ರಕ್ತದಲ್ಲಿ ಹರಿಯಬಿಡುವ ಆಂಜಿಯೋಟೆನ್ಸಿನೋಜನ್ ಎಂಬ ಪ್ರೋಟೀನೇ ಆ ಸಾಮಗ್ರಿ. ಹೆಸರು ಉದ್ದವಾಯಿತು, ಇನ್ನು ಮುಂದೆ ಇದನ್ನು ಕಚ್ಚಾ ಪ್ರೋಟೀನು ಎನ್ನುತ್ತೇನೆ. ರೆನಿನ್ ಅದರ ಒಂದು ತುಂಡು ಕತ್ತರಿಸುತ್ತದೆ. ಮುಖ್ಯವಾಗಿ ಶ್ವಾಸಕೋಶದ ನಾಳಗಳಲ್ಲಿರುವ ಇನ್ನೊಂದು ಕಿಣ್ವ ಆ ತುಂಡನ್ನು ಮತ್ತಷ್ಟು ಕತ್ತರಿಸಿದಾಗ ಹುಟ್ಟುವುದು ಆಂಜಿಯೋಟೆನ್ಸಿನ್-2. ಇದು ಎರಡು ಕೆಲಸ ಮಾಡುತ್ತದೆ: ರಕ್ತನಾಳಗಳನ್ನು ಬಿಗಿಯುತ್ತದೆ, ಮತ್ತು ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಗ್ರಂಥಿಯಿಂದ ಅಲ್ಡೋಸ್ಟೆರಾನ್ ಹೊರಡಿಸುತ್ತದೆ. ಮೂತ್ರದಲ್ಲಿ ಹೊರಹೋಗಬೇಕಾದ ಉಪ್ಪನ್ನು ಈ ಅಲ್ಡೋಸ್ಟೆರಾನ್ ತಡೆದು ಒಳಗೆಳೆದುಕೊಳ್ಳುತ್ತದೆ. ಉಪ್ಪಿನ ಹಿಂದೆ ನೀರು. ದಾರಿ ಕಿರಿದಾಯಿತು, ನೀರೂ ಹೆಚ್ಚಿತು.

ಆರೋಗ್ಯವಂತ ದೇಹದಲ್ಲಿ ಒತ್ತಡ ಸರಿಹೋದ ಕೂಡಲೇ ಮೂತ್ರಪಿಂಡ ರೆನಿನ್ ಬಿಡುವುದನ್ನು ಇಳಿಸುತ್ತದೆ. ಇಡೀ ವ್ಯವಸ್ಥೆಯ ಜೀವಾಳ ಇದು.

ಈಗ ಗುಳಿಗೆಯ ಕಡೆ ಬರೋಣ. ಸರ್ಕಾರ ಪುಕ್ಕಟೆ ಕೊಡುವ ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳು. ಏಳು ಬರೀ ಕಬ್ಬಿಣಾಂಶದವು. ಉಳಿದ 21ರಲ್ಲಿ ಒಂದೊಂದರಲ್ಲೂ 0.15 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್, 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್. ಮೊದಲನೆಯದು ಪ್ರೊಜೆಸ್ಟರಾನ್ ಹಾರ್ಮೋನಿನ ಕೃತಕ ರೂಪ, ಎರಡನೆಯದು ಈಸ್ಟ್ರೋಜನ್ನಿನ ಕೃತಕ ರೂಪ. ಇಂಥ ಎರಡೂ ಕೂಡಿದ್ದಕ್ಕೆ ಸಂಯುಕ್ತ ಗುಳಿಗೆ ಎನ್ನುತ್ತಾರೆ. ದೇಹದ ಸಹಜ ಈಸ್ಟ್ರೋಜನ್ನನ್ನು ಗುಳಿಗೆ ಮಾಡಿ ನುಂಗಿದರೆ ಯಕೃತ್ತು ಅದರ ಬಹುಪಾಲನ್ನು ಬೇಗ ಮುರಿದುಬಿಡುತ್ತದೆ. 1938ರಲ್ಲಿ ಜರ್ಮನಿಯ ಶೆರಿಂಗ್ ಕಂಪನಿಯ ರಸಾಯನಶಾಸ್ತ್ರಜ್ಞರು ಆ ಅಣುವಿಗೆ ಒಂದು ಸಣ್ಣ ಬಾಲ ಅಂಟಿಸಿದರು. ಯಕೃತ್ತಿಗೆ ಸುಲಭವಾಗಿ ಮುರಿಯಲಾಗದ ಈಸ್ಟ್ರೋಜನ್ ಹುಟ್ಟಿತು. ಅದೇ ಎಥಿನೈಲ್ ಈಸ್ಟ್ರಡಯಾಲ್. ಮುರಿಯಲಾಗದ್ದಕ್ಕೇ ಅದು ಗುಳಿಗೆಯಾಗಿ ಕೆಲಸ ಮಾಡುತ್ತದೆ, ಮುರಿಯಲಾಗದ್ದಕ್ಕೇ ಯಕೃತ್ತನ್ನು ಬಿಡದೆ ತಿವಿಯುತ್ತದೆ. ತಿವಿದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಪ್ರೋಟೀನುಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಇವೆ, ನಾವು ಮೇಲೆ ನೋಡಿದ ಕಚ್ಚಾ ಪ್ರೋಟೀನೂ ಇದೆ. ಅದು ಎರಡು ಮೂರು ಪಟ್ಟು ಏರುವುದುಂಟು.

ಹಾಗಾದರೆ ಗುಳಿಗೆ ನುಂಗುವ ಎಲ್ಲರ ಬಿಪಿಯೂ ಏರಬೇಕಲ್ಲ? ಏರುವುದಿಲ್ಲ. ಕಚ್ಚಾ ಪ್ರೋಟೀನು ಹೆಚ್ಚು ಬರುತ್ತಿದೆಯೆಂದು ಗೊತ್ತಾದಾಗ ಬಹುಪಾಲು ಹೆಂಗಸರ ಮೂತ್ರಪಿಂಡ ರೆನಿನ್ ಇಳಿಸಿ ಸರಿದೂಗಿಸಿಕೊಳ್ಳುತ್ತದೆ. ಅವರಲ್ಲಿ ಏರಿಕೆ ಕೆಲವೇ ಅಂಕಿಗಳಷ್ಟು, ಗಮನಕ್ಕೂ ಬಾರದು. ಕೆಲವರಲ್ಲಿ ಮಾತ್ರ ಆ ಇಳಿಸುವಿಕೆ ಸಾಲದಾಗುತ್ತದೆ. ಮೇಲಿಂದ ನೀರು ಹೆಚ್ಚು ಬಂದರೂ ನೀರಗಂಟಿ ಗೇಟನ್ನು ಬೇಕಾದಷ್ಟು ಇಳಿಸುವುದಿಲ್ಲ. ನ್ಯೂಯಾರ್ಕಿನ ವೈದ್ಯ ಜಾನ್ ಲಾರಾ ಮತ್ತು ಸಂಗಡಿಗರು ಗುಳಿಗೆ ನುಂಗಿ ತೀವ್ರ ರಕ್ತದೊತ್ತಡಕ್ಕೆ ಒಳಗಾದ ಹೆಂಗಸರ ರೆನಿನ್, ಅಲ್ಡೋಸ್ಟೆರಾನ್‌ಗಳನ್ನು ಅಳೆದು 1967ರಲ್ಲಿ ಈ ಕೊಂಡಿಯನ್ನು ಪ್ರಕಟಿಸಿದರು. ಗುಳಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1960ರಲ್ಲಿ. ಅಂದರೆ ಏಳು ವರ್ಷ ಲಕ್ಷಾಂತರ ಹೆಂಗಸರು ನುಂಗಿದ ಮೇಲೆ ಈ ಪ್ರಶ್ನೆಗೆ ಉತ್ತರ ಹೊಳೆಯಿತು. ಆ ಮೊದಲ ಗುಳಿಗೆ ಎನೊವಿಡ್‌ನಲ್ಲಿ ಸುಮಾರು 150 ಮೈಕ್ರೋಗ್ರಾಂ ಈಸ್ಟ್ರೋಜನ್ ಇತ್ತು. ಇಂದಿನ ಮಾಲಾದಲ್ಲಿ 30. ಈಸ್ಟ್ರೋಜನ್ನಿನ ಜಾತಿ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು, ಆದರೂ ಪ್ರಮಾಣ ಎಷ್ಟು ಇಳಿದಿದೆಯೆಂಬುದು ತಿಳಿಯುತ್ತದೆ. ಹಳೆಯ ಭಾರೀ ಗುಳಿಗೆ ನುಂಗಿದವರಲ್ಲಿ ನೂರಕ್ಕೆ ಐವರಷ್ಟು ಮಂದಿಗೆ ಬಿಪಿ ಏರುತ್ತಿತ್ತು. ಈಗ ಅಷ್ಟಿಲ್ಲ. ಆದರೆ ಶೂನ್ಯವೂ ಅಲ್ಲ.

ಇಲ್ಲಿ ಒಂದು ಅನುಮಾನ ಬರಬೇಕು. ಬಸುರಿಯಲ್ಲಿ ಈಸ್ಟ್ರೋಜನ್ ಗುಳಿಗೆಗಿಂತ ಎಷ್ಟೋ ಹೆಚ್ಚಿರುತ್ತದೆ, ಕಚ್ಚಾ ಪ್ರೋಟೀನೂ ರೆನಿನ್ನೂ ಅಲ್ಡೋಸ್ಟೆರಾನೂ ಏರುತ್ತವೆ. ಆದರೂ ಬಸಿರಿನ ನಡುಗಾಲದಲ್ಲಿ ಬಿಪಿ ಏರುವ ಬದಲು ಇಳಿಯುತ್ತದೆ. ಯಾಕೆ? ಈ ವಿಷಯ ಓದುವಾಗ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದು. ಬಸುರಿಯ ದೇಹ ಒಂದು ಕೈಯಲ್ಲಿ ಬಿಗಿದರೆ ಇನ್ನೊಂದು ಕೈಯಲ್ಲಿ ಸಡಿಲಿಸುತ್ತದೆ. ಆಂಜಿಯೋಟೆನ್ಸಿನ್-2 ಬಂದು ಬಿಗಿ ಎಂದರೂ ರಕ್ತನಾಳಗಳು ಕಿವಿಗೊಡುವುದಿಲ್ಲ, ಅರಳಿಕೊಂಡೇ ಇರುತ್ತವೆ. ಸಹಜ ಪ್ರೊಜೆಸ್ಟರಾನ್ ಅಲ್ಡೋಸ್ಟೆರಾನ್‌ಗೆ ಎದುರು ನಿಂತು ಉಪ್ಪನ್ನು ಹೊರಗೆ ತಳ್ಳುತ್ತದೆ. ಗುಳಿಗೆ ಬಸಿರಿನ ಅಣಕು, ಅದೂ ಅರ್ಧ ಮಾತ್ರ. ಬಿಗಿಯುವ ಕೈಯನ್ನು ಅದು ತರುತ್ತದೆ, ಸಡಿಲಿಸುವ ಕೈಯನ್ನು ತರುವುದಿಲ್ಲ. ಲೆವೊನಾರ್‌ಜೆಸ್ಟ್ರೆಲ್ ಅಂಡ ಬಿಡುಗಡೆಯನ್ನು ತಡೆಯುತ್ತದೆ, ಉಪ್ಪನ್ನು ತಳ್ಳುವ ಗುಣ ಅದಕ್ಕಿಲ್ಲ. ಆ ಕೊರತೆ ತುಂಬಲೆಂದೇ ಡ್ರೋಸ್ಪಿರೆನಾನ್ ಎಂಬ ಇನ್ನೊಂದನ್ನು ರೂಪಿಸಿದರು. ಅದು ಸ್ಪೈರೊನೊಲ್ಯಾಕ್ಟೋನ್ ಎಂಬ ಬಿಪಿ ಔಷಧದ ಸಂಬಂಧಿ. ಆದರೆ ಅದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಬೆಲೆಯೂ ಹೆಚ್ಚು, ಸರ್ಕಾರದ ಪಟ್ಟಿಯಲ್ಲಿಲ್ಲ.

ಬಸಿರಿನಲ್ಲಿಯೇ ಈ ಸಡಿಲಿಸುವ ಕೈ ಸೋತರೆ? ಆಗ ಬಸಿರಿನ ಬಿಪಿ ಏರುತ್ತದೆ. ನನ್ನ ತಂಗಿಯ ಕಾರ್ಡಿನ 144/92 ಹೇಳುತ್ತಿದ್ದದ್ದು ಅದನ್ನೇ. ಹೆರಿಗೆಯಾದ ಮೇಲೆ ಇಳಿದಿತ್ತು, ಎಲ್ಲರೂ ಮರೆತಿದ್ದರು. ಬಸಿರಿನಲ್ಲಿ ಬಿಪಿ ಏರಿದ ಹೆಂಗಸರಿಗೆ ಮುಂದಿನ ಬದುಕಿನಲ್ಲಿ ಬಿಪಿ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಅಂಥವರ ಬಿಪಿ ಈಗ ಸಹಜವಾಗಿದ್ದರೆ ಸಂಯುಕ್ತ ಗುಳಿಗೆ ಕೊಡಬಹುದು, ಆದರೆ ಅಳೆದು ನೋಡಿ, ಕಣ್ಣಿಟ್ಟು. 140/90 ಮುಟ್ಟಿದ್ದರೆ ಬೇರೆ ದಾರಿ ಇರುವಾಗ ಕೊಡಬಾರದು. 160/100 ಮುಟ್ಟಿದ್ದರೆ ಕೊಡಲೇಬಾರದು. ಬಿಪಿ ಗುಳಿಗೆ ನುಂಗಿ ಹತೋಟಿಯಲ್ಲಿಟ್ಟುಕೊಂಡವರಿಗೂ ಸಾಮಾನ್ಯವಾಗಿ ಬೇಡ. 35 ದಾಟಿ ಬೀಡಿ ಸಿಗರೇಟು ಸೇದುವವರಿಗೆ, ಕಣ್ಣ ಮುಂದೆ ಮಿಂಚಿನ ಗೆರೆ ಕಂಡು ಆಮೇಲೆ ಅರೆತಲೆನೋವು ಬರುವವರಿಗೆ ಬೇಡ. ಎದೆಹಾಲುಣಿಸುವ ಬಾಣಂತಿಗೆ ಆರು ತಿಂಗಳವರೆಗೆ ಬೇಡ.

ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ಅಮೆರಿಕದಲ್ಲಿ ಸುಮಾರು 70,000 ನರ್ಸುಗಳನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಗುಳಿಗೆ ನುಂಗುತ್ತಿದ್ದವರಿಗೆ ಬಿಪಿ ಬರುವ ಸಂಭವ ಎಂದೂ ನುಂಗದವರಿಗಿಂತ 1.8 ಪಟ್ಟು ಇತ್ತು. 1.8 ಪಟ್ಟು ಎಂದರೆ ಎದೆ ಝಲ್ ಎನ್ನುತ್ತದೆ. ಅದನ್ನೇ ತಲೆಲೆಕ್ಕದಲ್ಲಿ ನೋಡಿ: ಹತ್ತು ಸಾವಿರ ಹೆಂಗಸರು ಒಂದು ವರ್ಷ ನುಂಗಿದರೆ ಗುಳಿಗೆಯ ಕಾರಣಕ್ಕೆ ಬಿಪಿ ಬರುವವರು ಸುಮಾರು 41. ಬಿಟ್ಟ ಮೇಲೆ ಸಂಭವ ಬೇಗ ಇಳಿಯಿತು. ಬಹುಪಾಲು ಹೆಂಗಸರಲ್ಲಿ ಮೂರು ತಿಂಗಳೊಳಗೆ ಬಿಪಿ ಮೊದಲಿನಂತಾಗುತ್ತದೆ. ಬೇಡದ ಬಸಿರು, ಅದರಲ್ಲೂ ಮೊದಲೇ ಬಿಪಿ ಇರುವವಳ ಬೇಡದ ಬಸಿರು, ಇದಕ್ಕಿಂತ ಎಷ್ಟೋ ಅಪಾಯದ್ದು. ಆದ್ದರಿಂದ ಇದನ್ನು ಓದಿದ ಯಾರೂ ನಾಳೆ ಬೆಳಿಗ್ಗೆ ಗುಳಿಗೆ ಪಟ್ಟಿಯನ್ನು ಒಲೆಗೆ ಹಾಕಬಾರದು. ನಾಳೆ ಬೆಳಿಗ್ಗೆ ಬಿಪಿ ನೋಡಿಸಿಕೊಳ್ಳಬೇಕು, ಅಷ್ಟೆ. ಆ 41 ಮಂದಿ ಯಾರೆಂದು ಕಂಡುಹಿಡಿಯಲು ಬೇಕಾದದ್ದು ತೋಳಿಗೆ ಸುತ್ತುವ ಒಂದು ಪಟ್ಟಿ, ಐದು ನಿಮಿಷ. ಇಷ್ಟು ಅಗ್ಗದ ತಪಾಸಣೆಯನ್ನು ಬಿಟ್ಟುಬಿಡುವುದು ನನಗೆ ಸಹಿಸಲಾಗದ ಸಂಗತಿ.

ಗರ್ಭನಿರೋಧಕ ಎಂದು ಗೊತ್ತಿಲ್ಲದೆಯೇ ಇಂಥ ಗುಳಿಗೆ ನುಂಗುವವರೂ ಇದ್ದಾರೆ. ಮುಟ್ಟು ಏರುಪೇರಾಗುವ, ಅಂಡಾಶಯದ ಪಿಸಿಓಡಿ ತೊಂದರೆ ಇದೆಯೆಂದು ಹೇಳಿಸಿಕೊಂಡ ಕಾಲೇಜು ಹುಡುಗಿಯರಿಗೆ ಬರೆದುಕೊಡುವ “ಮುಟ್ಟು ಸರಿ ಮಾಡೋ ಗುಳಿಗಿ” ಬಹಳ ಸಲ ಸಂಯುಕ್ತ ಗುಳಿಗೆಯೇ. ಸೈಪ್ರೊಟೆರಾನ್ ಸೇರಿದ ಒಂದು ಬಗೆಯಲ್ಲಿ ಎಥಿನೈಲ್ ಈಸ್ಟ್ರಡಯಾಲ್ 35 ಮೈಕ್ರೋಗ್ರಾಂ, ಮಾಲಾಕ್ಕಿಂತ ಹೆಚ್ಚು. ಪಿಸಿಓಡಿ ಇರುವವರಲ್ಲಿ ಹಲವರಿಗೆ ತೂಕವೂ ಹೆಚ್ಚಿರುತ್ತದೆ, ಬಿಪಿಗೆ ಅದೂ ಒಂದು ಕಾರಣ. ಮದುವೆಯಾಗದ ಹುಡುಗಿ, ಇದಕ್ಕೂ ಬಿಪಿಗೂ ಏನು ಎಂದು ಯಾರಾದರೂ ಯೋಚಿಸುತ್ತಾರೆಯೇ?

ಇನ್ನೊಂದು ಜಾತ್ರೆ ಗುಳಿಗೆ. ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಹಳ್ಳಿಹಳ್ಳಿಯ ಹೆಂಗಸರು ದಾಸೋಹಕ್ಕೆ ರೊಟ್ಟಿ ಬಡಿಯಲು ಕೂರುತ್ತಾರೆ. ಬೇಸಿಗೆಯಲ್ಲಿ ಹುಲಿಗೆಮ್ಮನ ಜಾತ್ರೆ, ನಡುವೆ ಮದುವೆ, ಗೃಹಪ್ರವೇಶ. ಆ ಹೊತ್ತಿಗೆ ಹೊರಗಾದರೆ ಏನು ಗತಿಯೆಂದು ಮುಟ್ಟು ಮುಂದೂಡುವ ಗುಳಿಗೆಗೆ ಮೆಡಿಕಲ್ ಶಾಪಿಗೆ ಮಗನನ್ನು ಕಳಿಸುವುದು ನಮ್ಮಲ್ಲಿ ಮಾಮೂಲು. ಅದು ನಾರ್‌ಎಥಿಸ್ಟೆರಾನ್, ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ ಮೂರು. ಇದರಲ್ಲಿ ಈಸ್ಟ್ರೋಜನ್ ಇಲ್ಲವೆಂದು ಡಬ್ಬಿಯ ಮೇಲಿನ ಹೆಸರು ನೋಡಿದರೆ ಅನ್ನಿಸುತ್ತದೆ. ಆದರೆ ಈ ಪ್ರಮಾಣದಲ್ಲಿ ನುಂಗಿದಾಗ ಅದರ ಒಂದು ಸಣ್ಣ ಪಾಲು ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಆಗಿಯೇ ಬದಲಾಗುತ್ತದೆ. ನಾಲ್ಕು ದಿನ ನುಂಗಿದ ಮಾತ್ರಕ್ಕೆ ಬಿಪಿ ಏರಿಬಿಡುತ್ತದೆಂದು ಹೇಳುವುದು ತಪ್ಪು. ಆದರೆ ಈಗಾಗಲೇ ಬಿಪಿ ಇರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಒಂದರ ಹಿಂದೆ ಒಂದು ಸಮಾರಂಭಕ್ಕೆಂದು ವಾರಗಟ್ಟಲೆ ಎಳೆಯುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಸಂಯುಕ್ತ ಗುಳಿಗೆ ನುಂಗುವವರು ಬೆನ್ನುನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಗುಳಿಗೆಯನ್ನೂ ದಿನವೂ ಸೇರಿಸಿದರೆ ಅದೂ ಉಪ್ಪು ನೀರನ್ನು ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಬಜ್ಜಿಯ ನಮ್ಮ ನಾಲಿಗೆಯೂ ಸಣ್ಣ ಪಾಲುದಾರನಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಚಹಾ ಚಮಚ.

ಬಿಪಿ ಇರುವವಳಿಗೆ ದಾರಿಯೇ ಇಲ್ಲವೆ? ಬೇಕಾದಷ್ಟಿದೆ. ನಮ್ಮ ಕಡೆ ವಂಕಿ ಎಂದು ಕರೆಯುವ ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಬಿಪಿ ಎಷ್ಟೇ ಇದ್ದರೂ ಅದಕ್ಕೆ ಅಡ್ಡಿಯಿಲ್ಲ. 380ಎ ಎಂಬ ಬಗೆ ಹತ್ತು ವರ್ಷ ಕೆಲಸ ಮಾಡುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಛಾಯಾ ಗುಳಿಗೆ ಹಾರ್ಮೋನಿನದಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಎಥಿನೈಲ್ ಈಸ್ಟ್ರಡಯಾಲ್ ಅದರಲ್ಲಿಲ್ಲ. ಆದರೆ ಪಿಸಿಓಡಿ ಇದ್ದವರಿಗೆ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಸಲ್ಲದು. ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ ಇಂಜೆಕ್ಷನ್ನಿನಲ್ಲಿ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನು ಮಾತ್ರ. 160/100 ಮುಟ್ಟದಿದ್ದರೆ ವೈದ್ಯರು ನೋಡಿ ಕೊಡಬಹುದು. ತುರ್ತಿಗೆ ಒಂದೇ ಸಲ ನುಂಗುವ ಲೆವೊನಾರ್‌ಜೆಸ್ಟ್ರೆಲ್ ಗುಳಿಗೆಗೂ ಬಿಪಿ ತಡೆಯಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಮುಂತಾದ ಬಿಪಿ ಔಷಧಗಳು ನಾವು ಮೇಲೆ ನೋಡಿದ ಆಂಜಿಯೋಟೆನ್ಸಿನ್ ಸರಪಳಿಯನ್ನೇ ಕಡಿಯುತ್ತವೆ. ಹೊಟ್ಟೆಯಲ್ಲಿ ಬೆಳೆಯುವ ಮಗುವಿನ ಮೂತ್ರಪಿಂಡಕ್ಕೆ ಆ ಸರಪಳಿ ಬೇಕೇ ಬೇಕು. ಬಸುರಾದ ಮೇಲೂ ಇವನ್ನು ನುಂಗಿದರೆ ಮಗುವಿಗೆ ಪೆಟ್ಟು. ಆದ್ದರಿಂದ ಹೆರುವ ವಯಸ್ಸಿನಲ್ಲಿ ಈ ಔಷಧ ನುಂಗುವವಳಿಗೆ ನಂಬಿಕಸ್ಥ ಗರ್ಭನಿರೋಧಕ ಉಳಿದವರಿಗಿಂತ ಹೆಚ್ಚು ಅಗತ್ಯ. ನಿಮಗೆ ಬಿಪಿ ಇದೆ, ಗುಳಿಗೆ ನಿಲ್ಲಿಸಿ ಎಂದು ಹೇಳಿ ಕಳಿಸಿದರೆ ಅರ್ಧ ವೈದ್ಯ. ಬದಲಿಗೆ ಏನೆಂದು ಅದೇ ಕೋಣೆಯಲ್ಲಿ, ಅದೇ ದಿನ ತೀರ್ಮಾನವಾಗಬೇಕು.

ನಮ್ಮ ರಾಜ್ಯದಲ್ಲಿ ಈ ತೀರ್ಮಾನದ ಚರಿತ್ರೆ ದೊಡ್ಡದು. ಗುಳಿಗೆ ಹುಟ್ಟುವ ಎಷ್ಟೋ ಮೊದಲು, 1930ರಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಕೊಪ್ಪಳ ಆಗ ನಿಜಾಮರ ರಾಜ್ಯದಲ್ಲಿತ್ತು, ನಮ್ಮ ಅಜ್ಜಿಯರಿಗೆ ಆ ಸುದ್ದಿಯೂ ಮುಟ್ಟಿರಲಾರದು. ಇತ್ತೀಚಿನ ಸ್ಥಿತಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ “ಆಪ್ರೇಶನ್” ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆಯ ಕಾಲಮ್ಮಿನಲ್ಲಿ ಸೊನ್ನೆಯ ಹತ್ತಿರದ ಅಂಕಿ. ಬೇಗ ಮದುವೆ, ಬೇಗ ಎರಡು ಮಕ್ಕಳು, ಬೇಗ ಆಪ್ರೇಶನ್ ಎಂಬುದೇ ರೂಢಿಯಾದ ಕಡೆ, ಒಂದು ಮಗುವಾದ ಮೇಲೆ ನಾಲ್ಕು ವರ್ಷ ತಡೆಯುತ್ತೇನೆ ಎನ್ನುವ ಹುಡುಗಿಗೆ ಕೂತು ತಿಳಿಸಿ ಹೇಳುವ ಅಭ್ಯಾಸ ನಮ್ಮ ವ್ಯವಸ್ಥೆಗೆ ಸರಿಯಾಗಿ ಆಗಿಲ್ಲ. ಅವಳು ಗಂಡನ ಕೈಯಲ್ಲಿ ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುತ್ತಾಳೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಗುಳಿಗೆ ತಂದುಕೊಡುವ ಯೋಜನೆ 2011ರಲ್ಲಿ ಆರಂಭವಾಯಿತು, ಮನೆಗೆ ತಲುಪಿಸುವುದಕ್ಕೆ ಒಂದು ಪಟ್ಟಿಗೆ ಒಂದು ರೂಪಾಯಿ. ಒಳ್ಳೆಯ ಯೋಜನೆ ಅದು. ಆಶಾಳ ಚೀಲದಲ್ಲಿ ಗುಳಿಗೆಯ ಪಕ್ಕ ಬಿಪಿ ಯಂತ್ರವೂ ಇದ್ದರೆ ಇನ್ನೂ ಒಳ್ಳೆಯದಾಗುತ್ತದೆ.

ಆಗದ ಮಾತೇನಲ್ಲ. ಪಕ್ಕದ ಬಾಗಲಕೋಟೆ ಮತ್ತು ಅದರಾಚೆಯ ಬೆಳಗಾವಿ ಜಿಲ್ಲೆಗಳಲ್ಲಿ ಬೆಳಗಾವಿಯ ಕೆಎಲ್ಇ ಸಂಸ್ಥೆಯವರು ಕ್ಲಿಪ್ ಎಂಬ ಪ್ರಯೋಗ ನಡೆಸಿದ್ದರು. ಆಶಾ ಕಾರ್ಯಕರ್ತೆಯರು ಮತ್ತು ಎಎನ್ಎಂ ದಾದಿಯರು ಬಸುರಿಯರ ಮನೆಗೇ ಹೋಗಿ ಬಿಪಿ ಅಳೆದರು, ಮೊಬೈಲಿನಲ್ಲಿ ಅಪಾಯದ ಲೆಕ್ಕ ಹಾಕಿದರು. ಒಟ್ಟಾರೆ ಸಾವುನೋವು ಅದರಿಂದ ನಿರೀಕ್ಷಿಸಿದಷ್ಟು ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು, ಅಳೆಯುವುದೊಂದೇ ಸಾಲದು, ಅಳೆದ ಮೇಲೆ ಮುಟ್ಟುವ ಆಸ್ಪತ್ರೆಯೂ ಬೇಕು. ಆದರೆ ಹಳ್ಳಿಯ ಹೆಣ್ಣುಮಗಳೊಬ್ಬಳು ಇನ್ನೊಬ್ಬ ಹಳ್ಳಿಯ ಹೆಣ್ಣುಮಗಳ ಬಿಪಿಯನ್ನು ಅವಳ ಪಡಸಾಲೆಯಲ್ಲೇ ಅಳೆಯಬಲ್ಲಳು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ನಮ್ಮದೇ ಕೊಪ್ಪಳದ ಹಳ್ಳಿಗಳಲ್ಲಿ ಆಗ ಐಐಎಂ ಬೆಂಗಳೂರಿನಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಸಂಗಡಿಗರು ತಾಯಂದಿರ ಸಾವಿನ ಜಾಡು ಹಿಡಿದು ಕೆಲಸ ಮಾಡಿದರು. ಹೆಣ್ಣಿನ ವಿಷಯದಲ್ಲಿ ಆರೋಗ್ಯ ವ್ಯವಸ್ಥೆಯೇ ಪಕ್ಷಪಾತಿಯಾಗಿರುವುದನ್ನು 2005ರಲ್ಲೇ ಬರೆದಿಟ್ಟರು.

ನಾನು ಹೇಳಬೇಕೆಂದಿರುವ ಪಕ್ಷಪಾತ ಇನ್ನೊಂದು. ಬಸುರಿದ್ದಾಗ ಅವಳ ಬಿಪಿ ಎಲ್ಲರಿಗೂ ಬೇಕು. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಕಾಲಮ್ಮಿದೆ, ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ವಿಶೇಷ ತಪಾಸಣೆಯಿದೆ. ಮೂವತ್ತು ದಾಟಿದ ಮೇಲೆ ಮತ್ತೆ ಬೇಕು, ಬಿಪಿ ಶುಗರ್ ಪತ್ತೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗುವುದು ಆ ವಯಸ್ಸಿಗೆ. ಇವೆರಡರ ನಡುವೆ, ಹೆರಿಗೆಯಾಗಿ ಬಾಣಂತನ ಮುಗಿಸಿದ ಇಪ್ಪತ್ತೊಂದರಿಂದ ಮೂವತ್ತರ ತನಕ, ಅವಳ ತೋಳು ಯಾರ ಲೆಕ್ಕದಲ್ಲೂ ಇಲ್ಲ. ಗುಳಿಗೆ ನುಂಗುವುದು ಆ ವರ್ಷಗಳಲ್ಲೇ. ಮಗು ಹೊಟ್ಟೆಯಲ್ಲಿದ್ದಾಗ ಅಳೆದದ್ದು ಅವಳ ಬಿಪಿಯನ್ನೋ, ಮಗುವಿನ ತಾಯಿಯ ಬಿಪಿಯನ್ನೋ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಅಳೆಯುವ ಕ್ರಮ ಕಷ್ಟದ್ದಲ್ಲ. ಬಿಸಿಲಲ್ಲಿ ನಡೆದು ಬಂದ ಕೂಡಲೇ ಅಳೆಸಬೇಡಿ. ಐದು ನಿಮಿಷ ಬೆನ್ನಾನಿಸಿ ಕೂತು, ಎರಡೂ ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಡಿ. ಕುಪ್ಪಸದ ತೋಳಿನ ಮೇಲೆ ಪಟ್ಟಿ ಸುತ್ತುವುದು ಬೇಡ. ಅರ್ಧ ಗಂಟೆ ಮುಂಚೆ ಚಹಾ ಬೇಡ, ತಂಬಾಕು ಕಡ್ಡಿಪುಡಿಯೂ ಬೇಡ. ಅಳೆಯುವಾಗ ಮಾತಾಡಬಾರದು. ಒಂದು ಸಲ ಹೆಚ್ಚು ಬಂದರೆ ಹೆದರದೆ ಇನ್ನೊಮ್ಮೆ, ಇನ್ನೊಂದು ದಿನವೂ ಅಳೆಯಬೇಕು. ಗುಳಿಗೆ ಶುರುಮಾಡುವ ಮುನ್ನ ಒಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಆದರೆ ಸಿಡಿಯುವಂಥ ತಲೆನೋವು, ಕಣ್ಣು ಮಂಜಾಗುವುದು, ಎದೆ ಹಿಡಿಯುವುದು, ಒಂದೇ ಕಾಲು ಊದಿ ನೋಯುವುದು, ಒಂದು ಪಕ್ಕದ ಕೈಕಾಲು ಸೋಲುವುದು ಕಂಡರೆ ಯಂತ್ರ ಹುಡುಕುತ್ತ ಕೂರದೆ ಗುಳಿಗೆ ಬಿಟ್ಟು ದವಾಖಾನೆಗೆ ಹೊರಡಬೇಕು.

ನನ್ನ ತಂಗಿಯನ್ನು ಮರುದಿನವೇ ವೈದ್ಯರ ಬಳಿ ಕರೆದೊಯ್ದೆವು. ಗುಳಿಗೆ ನಿಂತಿತು, ವಂಕಿ ಹಾಕಿಸಿಕೊಂಡಳು. ಸಂಕ್ರಾಂತಿಗೆ 136/88 ಇತ್ತು, ಶಿವರಾತ್ರಿಗೆ 124/80. ಹಣೆಯ ಬಟ್ಟೆ ಬಿಚ್ಚಿದ್ದಳು. ವರ್ಷಕ್ಕೊಮ್ಮೆ ತಪ್ಪದೆ ಅಳೆಸಿಕೊಳ್ಳಬೇಕೆಂದು ವೈದ್ಯರು ಅವಳ ತಾಯಿ ಕಾರ್ಡಿನ ಹಿಂಬದಿಯಲ್ಲೇ ಬರೆದುಕೊಟ್ಟರು.

ಮೊನ್ನೆ ಫೋನು ಮಾಡಿದ್ದಳು. “ಯಕ್ಕಾ, ನಮ್ಮ ನೆಗೆಣ್ಣಿನೂ ಅದ ಗುಳಿಗಿ ನುಂಗಾಕತ್ಯಾಳಂತ. ಆಕಿಗೂ ಬಸರಿದ್ದಾಗ ಕಾಲು ಬಾತಿದ್ವು. ಈ ವಾರ ಕೊಪ್ಪಳಕ್ಕ ಸಂತಿಗೆ ಬರತೀವಿ, ಮನಿಗೆ ಕರಕೊಂಡು ಬರ್ಲೇನು?”

“ಬಾರವ್ವಾ” ಅಂದೆ. “ಬರುವಾಗ ಆಕಿ ತಾಯಿ ಕಾರ್ಡ್ ಮರೀಬ್ಯಾಡ.”